ಲಕ್ಷ್ಮಮ್ಮನ ಅಕ್ಕ ಮತ್ತು ವಿದೇಶಾಂಗ ನೀತಿ

ಮನೆಗೆ ಸುಣ್ಣ ಬಳಿಸಬೇಕೆಂದು ಅಟ್ಟ ಖಾಲಿ ಮಾಡಿಸುವಾಗ ಒಂದು ರಟ್ಟಿನ ಪೆಟ್ಟಿಗೆ ಕೆಳಗಿಳಿಯಿತು. ಬಂಗಾರಪೇಟೆಯ ಕಾಲೇಜಿನಲ್ಲಿ ಮೂವತ್ತೈದು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ ನನ್ನ ಟಿಪ್ಪಣಿಗಳೆಲ್ಲ ಅದರಲ್ಲಿದ್ದವು, ಅಂಚು ಜಿರಲೆ ತಿಂದು, ನಡು ಹಳದಿಗಟ್ಟಿ. ಸಂವಿಧಾನದ ಪೀಠಿಕೆ, ಮೂಲಭೂತ ಹಕ್ಕುಗಳು, ಪಂಚಾಯತಿ ವ್ಯವಸ್ಥೆ ಇವೆಲ್ಲ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಬರೆದವು. ನಿವೃತ್ತಿಯ ದಿನದವರೆಗೂ ಅವೇ ಸಾಕಾದವು. ಒಂದು ಅಧ್ಯಾಯ ಮಾತ್ರ ಆರು ಸಲ ಬರೆದದ್ದು, ಆರು ಬಗೆಯ ಕಾಗದದಲ್ಲಿ, ಆರು ಬಗೆಯ ಶಾಯಿಯಲ್ಲಿ: ಭಾರತದ ವಿದೇಶಾಂಗ ನೀತಿ.

ನೆಲದ ಮೇಲೆ ಕೂತು ಆರನ್ನೂ ಒಂದರ ಪಕ್ಕ ಒಂದು ಹರಡಿ ಓದಿದೆ. ಮೊದಲನೆಯದರಲ್ಲಿ ರಷ್ಯಾ ನಮ್ಮ ಆಪ್ತಮಿತ್ರ. ಎರಡನೆಯದರಲ್ಲಿ ಆ ಮಿತ್ರನ ಮನೆಯೇ ಒಡೆದು ಹದಿನೈದು ಪಾಲಾಗಿದೆ. ಮೊದಲನೆಯದರಲ್ಲಿ ಅಮೆರಿಕವನ್ನು ಬಾಗಿಲಾಚೆ ನಿಲ್ಲಿಸಿದ್ದೇನೆ, ನಾಲ್ಕನೆಯದರಲ್ಲಿ ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದೇನೆ. ಚೀನಾ ಒಂದು ಕಾಲದ ಸೋದರ, ಆಮೇಲಿನ ವೈರಿ, ಅದಾದ ಮೇಲೆ ವ್ಯಾಪಾರಿ, ಮತ್ತೆ ವೈರಿ. ನಮ್ಮ ಭಾಷೆಯಲ್ಲಿ ದೇಶದ ಅಭಿಪ್ರಾಯಕ್ಕೆ ನಿಲುವು ಎನ್ನುತ್ತೇವೆ. ಯಾವ ನಿಲುವೂ ನನ್ನ ಟಿಪ್ಪಣಿಯಲ್ಲಿ ಏಳೆಂಟು ವರ್ಷಕ್ಕಿಂತ ಹೆಚ್ಚು ನಿಂತಿರಲಿಲ್ಲ. ವಿದೇಶಾಂಗ ನೀತಿ ಎಂಬ ಮಾತಿನ ಕೊನೆಯಲ್ಲಿ ನೀತಿ ಎಂಬ ಪದ ಅಷ್ಟು ಗಂಭೀರವಾಗಿ ಕೂತಿದೆಯಲ್ಲ, ಅದು ಯಾರನ್ನು ಕೇಳಿ ಕೂತಿತು ಎಂದು ಆ ಮಧ್ಯಾಹ್ನ ನನಗೆ ಸುಮ್ಮನೆ ಅನಿಸಿತು. ಕಾಲ ಬದಲಾದಂತೆ ದೇಶಗಳು ಬದಲಾಗಲೇಬೇಕು, ಅದು ತಪ್ಪಲ್ಲ. ಮೂವತ್ತೈದು ವರ್ಷ ಹಾಗೆಂದೇ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಆದರೆ ದಣಿವಾಗುತ್ತದೆ, ಓದುಗ ಮಿತ್ರರೇ. ಆ ದಣಿವಿಗೆ ಕಾರಣವಾದ ಒಬ್ಬ ಹೆಂಗಸಿನ ಕತೆಯನ್ನು ನಿಮಗೆ ಹೇಳಬೇಕು.

ಅವಳ ಹೆಸರು ಲಕ್ಷ್ಮಮ್ಮ, ನಮ್ಮ ಕಾಲೇಜಿನ ಅಟೆಂಡರ್. ನನಗೂ ಅವಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಕೆಲಸಕ್ಕೆ ಸೇರಿದ್ದೂ ಒಂದೇ ವರ್ಷ. ನಾನು ಬೂದಿಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅವಳು ಚಿನ್ನದ ಗಣಿಯ ಊರಾದ ಕೋರಮಂಡಲ್‌ನಿಂದ ರೈಲಿನಲ್ಲಿ. ಗಂಡ ಅಲ್ಲಿಯ ಮೈಸೂರು ಮೈನ್ಸ್‌ನಲ್ಲಿ ಭೂಮಿಯೊಳಗಿನ ಕೆಲಸಗಾರ. ಗಣಿಯವರು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿ ಅವರದೂ ಒಂದು, ಗಾಳಿ ಎದ್ದ ದಿನ ಚಿನ್ನ ತೆಗೆದು ಉಳಿದ ಸಯನೈಡ್ ದಿಬ್ಬದ ಬಿಳಿ ಪುಡಿ ಅನ್ನದ ತಟ್ಟೆಗೂ ಬಂದು ಕೂರುವಂಥದ್ದು. ಕಾಲೇಜಿನಲ್ಲಿ ಗಂಟೆ ಬಾರಿಸುವುದು, ಸುತ್ತೋಲೆ ಪುಸ್ತಕ ತರುವುದು, ಸ್ಟಾಫ್ ರೂಮಿಗೆ ಚಹಾ ತಂದಿಡುವುದು ಅವಳ ಕೆಲಸ. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಅಲ್ಲಿಯ ಎಲ್ಲರೂ ಹಾಗೇ ಆಡುವುದರಿಂದ ಅವಳ ತಮಿಳಿನಲ್ಲಿ ಬೇರೆ ಯಾವುದೋ ಊರಿನ ಎಳೆಯಿದೆ ಎಂದು ನನಗೆ ಹೊಳೆದಿರಲಿಲ್ಲ.

ಸೇರಿದ ಮರುವರ್ಷವಿರಬೇಕು, ಶ್ರೀಲಂಕಾದೊಂದಿಗಿನ ಸಂಬಂಧದ ಪಾಠ ಮಾಡುತ್ತಿದ್ದೆ. ಬ್ರಿಟಿಷರ ಕಾಲದಲ್ಲಿ ಚಹಾ ತೋಟದ ಕೂಲಿಗೆಂದು ಇಲ್ಲಿಂದ ಹೋದವರ ಮಕ್ಕಳು ಮೊಮ್ಮಕ್ಕಳು ಯಾವ ದೇಶದವರು ಎಂಬ ಪ್ರಶ್ನೆ ಎದ್ದಾಗ, ಎರಡು ದೇಶಗಳೂ ಕೂತು ಮಾತಾಡಿ, ಇಷ್ಟು ಜನ ನಮಗೆ, ಇಷ್ಟು ಜನ ನಿಮಗೆ ಎಂದು ಒಪ್ಪಂದ ಮಾಡಿಕೊಂಡವು. ಇದು ನೆರೆಹೊರೆಯ ಸೌಹಾರ್ದಕ್ಕೆ ಉತ್ತಮ ನಿದರ್ಶನ ಎಂದು ಬೋರ್ಡಿನ ಮೇಲೆ ಬರೆದೆ. ಬಾಗಿಲಲ್ಲಿ ಲಕ್ಷ್ಮಮ್ಮ ಸುತ್ತೋಲೆ ಪುಸ್ತಕ ಹಿಡಿದು ನಿಂತಿದ್ದಳು. ನಾನು ಸಹಿ ಹಾಕಿ ಕೊಟ್ಟರೂ ಸ್ವಲ್ಪ ಹೊತ್ತು ಅಲ್ಲೇ ನಿಂತು ಬೋರ್ಡು ನೋಡಿದಳು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದಾಗ ಚಹಾ ಇಟ್ಟು ಹೇಳಿದಳು:

"ಮೇಡಂ, ಒಳ್ಗೆ ಏಳಿಕೊಡ್ತಿದ್ರಲ್ಲ, ಇಷ್ಟು ಜನ ಇಲ್ಲಿಗೆ, ಇಷ್ಟು ಜನ ಅಲ್ಲಿಗೆ ಅಂತ. ಆ ಇಷ್ಟು ಜನ್ದಲ್ಲಿ ನಾನೂ ಒಬ್ಳು."

ಆಮೇಲೆ ಹಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಅವಳು ಹೇಳಿದ್ದನ್ನು ಒಟ್ಟುಗೂಡಿಸಿ ನಿಮ್ಮ ಮುಂದಿಡುತ್ತೇನೆ. ಶ್ರೀಲಂಕಾದ ಮಲೆಸೀಮೆಯ ಒಂದು ಚಹಾ ತೋಟದಲ್ಲಿ ಅವಳು ಹುಟ್ಟಿದ್ದು. ಅಪ್ಪ, ಅಮ್ಮ, ಎಂಟು ವರ್ಷ ದೊಡ್ಡವಳಾದ ಅಕ್ಕ ಪಾರ್ವತಿ. ಅಲ್ಲಿಯೂ ಲೈನ್ ಮನೆಯೇ. ಒಪ್ಪಂದದ ಪ್ರಕಾರ ಅವಳ ಅಪ್ಪ ಭಾರತಕ್ಕೆ ಅರ್ಜಿ ಹಾಕಿದ, ಏಕೆಂದರೆ ಅವನ ತಮ್ಮ ಕೋರಮಂಡಲ್ ಗಣಿಯಲ್ಲಿದ್ದ. ಪಾರ್ವತಿಗೆ ಆಗಲೇ ಮದುವೆಯಾಗಿತ್ತು, ಪಕ್ಕದ ಲೈನಿನ ಹುಡುಗನ ಜೊತೆ. ಅವನ ಮನೆಯವರು ಅಲ್ಲೇ ಉಳಿಯುವುದಾಗಿ ಅರ್ಜಿ ಹಾಕಿದ್ದರು. ಮದುವೆಯ ಮಾತಾಡಿದಾಗ ಹುಡುಗ ಕೆಲಸಗಾರನೇ, ಕುಡಿಯುತ್ತಾನೆಯೇ ಎಂದೆಲ್ಲ ಕೇಳಿದ್ದ ಅಪ್ಪನಿಗೆ ಯಾವ ದೇಶದ ಅರ್ಜಿ ಎಂದು ಕೇಳಬೇಕೆಂದು ತೋಚಿರಲಿಲ್ಲ. ಹೀಗೆ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಇಷ್ಟು ಜನದಲ್ಲಿ ಸೇರಿದಳು, ಇನ್ನೊಬ್ಬಳು ಅಷ್ಟು ಜನದಲ್ಲಿ. ಹೊರಟ ದಿನ ಇವಳಿಗೆ ಹತ್ತು ವರ್ಷ. ಹಡಗುಕಟ್ಟೆಗೆ ಹೋಗುವ ಆ ರೈಲಿಗೆ ಅಲ್ಲಿಯವರು ಅಳುವ ಗಾಡಿ ಎಂದೇ ಹೆಸರಿಟ್ಟಿದ್ದರಂತೆ. ಪಾರ್ವತಿ ಅಳಲಿಲ್ಲವಂತೆ, ನಾಲ್ಕು ವರ್ಷ ಬಿಟ್ಟು ನಾವೂ ಬಂದುಬಿಡುತ್ತೇವೆ, ಅತ್ತೆಯನ್ನು ಒಪ್ಪಿಸುತ್ತೇನೆ ಎಂದು ಕಿಟಕಿಯಲ್ಲಿ ಕೈಹಿಡಿದು ಹೇಳಿದಳಂತೆ.

ಬರಲಿಲ್ಲ. ಕಾಗದಗಳು ಬಂದವು, ತಿಂಗಳಿಗೊಂದು, ಎರಡು ತಿಂಗಳಿಗೊಂದು. ಅಲ್ಲಿ ಗಲಭೆಯೆದ್ದಾಗ ಪಾರ್ವತಿಯ ಸಂಸಾರ ತೋಟ ಬಿಟ್ಟು ಉತ್ತರದ ಯಾವುದೋ ಊರಿಗೆ ಓಡಿತು. ಕಾಗದಗಳು ಆ ಹೊಸ ವಿಳಾಸದಿಂದ ಬರತೊಡಗಿದವು. ಲಕ್ಷ್ಮಮ್ಮ ಅವನ್ನೆಲ್ಲ ಒಂದು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟಿದ್ದಳು. ಅಕ್ಕನ ಕಾಗದಗಳ ಮೇಲೆಲ್ಲ ಅವಳ ಹೆಸರು ಲೆಚ್ಚುಮಿ, ತೋಟದಲ್ಲಿ ಅವಳನ್ನು ಕರೆಯುತ್ತಿದ್ದಂತೆ. ಇಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅದನ್ನು ತಿದ್ದಿ ಲಕ್ಷ್ಮಮ್ಮ ಎಂದು ಬರೆದುಕೊಂಡಿದ್ದರು.

ಈ ನಡುವೆ ನನ್ನ ಅಧ್ಯಾಯ ಬದಲಾಯಿತು. ಶಾಂತಿ ಕಾಪಾಡಲೆಂದು ನಮ್ಮ ಸೈನ್ಯ ಆ ದ್ವೀಪಕ್ಕೆ ಹೋಯಿತು, ಅದನ್ನು ಬರೆದುಕೊಂಡೆ. ಹೋದ ಸೈನ್ಯ ಅಲ್ಲಿ ಕಾದಾಡಬೇಕಾಯಿತು, ಮರಳಿ ಬಂತು, ಅದನ್ನೂ ಬರೆದುಕೊಂಡೆ. ಆಮೇಲೆ ನಮ್ಮ ದೇಶದ ದೊಡ್ಡ ನಾಯಕರೊಬ್ಬರ ಹತ್ಯೆಯಾಯಿತು. ಕೊಂದವರು ಆ ದ್ವೀಪದ ಕಡೆಯವರೆಂದು ಸುದ್ದಿ ಬಂತು. ಒಂದು ವಾರದಲ್ಲಿ ಗಾಳಿಯೇ ಬೇರೆಯಾಯಿತು. ನಿನ್ನೆ ಮೊನ್ನೆಯವರೆಗೆ ಅಯ್ಯೋ ಪಾಪ ಎನ್ನಿಸಿಕೊಂಡಿದ್ದವರ ಹೆಸರೆತ್ತಲು ಜನ ಹೆದರಿದರು. ಸಾದಾ ಉಡುಪಿನ ಇಬ್ಬರು ಕೋರಮಂಡಲ್‌ನ ಲೈನಿಗೆ ಬಂದು, ಕಡಲಾಚೆಯಿಂದ ಯಾರ ಮನೆಗೆ ಕಾಗದ ಬರುತ್ತದೆ ಎಂದು ಸೌಜನ್ಯದಿಂದಲೇ ವಿಚಾರಿಸಿ ಹೋದರಂತೆ. ಮರುದಿನ ಲಕ್ಷ್ಮಮ್ಮ ಆ ಸೀರೆತುಂಡಿನ ಗಂಟನ್ನು ಕಾಲೇಜಿಗೆ ತಂದಳು. ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲಿಟ್ಟು, ಇದೆಲ್ಲ ತಣ್ಣಗಾಗುವವರೆಗೆ ನಿಮ್ಮ ಬೂದಿಕೋಟೆ ಮನೆಯಲ್ಲಿ ಇಟ್ಟುಕೊಳ್ಳಿ ಮೇಡಂ, ನಿಮ್ಮ ಮನೆಯಲ್ಲಿ ಯಾರೂ ಹುಡುಕುವುದಿಲ್ಲ ಎಂದಳು.

ನಾನು ಆ ಗಂಟನ್ನು ಮುಟ್ಟಲಿಲ್ಲ. ಮನೆಯಲ್ಲಿ ಅತ್ತೆ ಮಾವ, ಕೊಟ್ಟಿಗೆ ತುಂಬ ಹಸು, ಡೇರಿಗೆ ಹಾಲು ಹಾಕಲು ದಿನಕ್ಕೆ ಎರಡು ಸಲ ಬಂದುಹೋಗುವ ಜನ. ಯಾರಾದರೂ ನೋಡಿದರೆ ಎಂಬ ಭಯ. ಅಷ್ಟೂ ಸುಳ್ಳಲ್ಲ. ಆದರೆ ಇನ್ನೊಂದು ಭಯವಿತ್ತು, ನನ್ನ ನೌಕರಿಯದು.

"ನಾನೂ ಸರ್ಕಾರಿ ನೌಕರಳು ಲಕ್ಷ್ಮಮ್ಮ," ಎಂದೆ. "ಇದು ನಮ್ಮನೇಲಿ ಬೇಡ."

ಅವಳು ವಾದ ಮಾಡಲಿಲ್ಲ, ಸರಿ ಮೇಡಂ ಎಂದು ಗಂಟನ್ನೆತ್ತಿಕೊಂಡಳು. ಆ ಸಂಜೆ ನೀರೊಲೆಗೆ ಅಷ್ಟನ್ನೂ ಹಾಕಿದಳೆಂದು ಎಷ್ಟೋ ತಿಂಗಳ ಮೇಲೆ ನನಗೆ ಗೊತ್ತಾಯಿತು. ಆಮೇಲೆ ಅಕ್ಕನಿಂದ ಬಂದ ಕಾಗದಗಳನ್ನು ಅವಳು ತೆಗೆದುಕೊಳ್ಳಲೇ ಇಲ್ಲ. ಲೆಚ್ಚುಮಿ ಎಂಬುವವರು ಇಲ್ಲಿ ಯಾರೂ ಇಲ್ಲ, ನನ್ನ ಹೆಸರು ಲಕ್ಷ್ಮಮ್ಮ ಎಂದು ಅಂಚೆಯವನಿಗೆ ಹೇಳಿದಳು. ಮೂರು ಕಾಗದ ಹಾಗೆ ಹಿಂದಕ್ಕೆ ಹೋದವು. ನಾಲ್ಕನೆಯದು ಬರಲಿಲ್ಲ.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ವರ್ಷ ಆ ಪಾಠವನ್ನು ನಾನು ಎರಡೇ ಸಾಲಿನಲ್ಲಿ ಮುಗಿಸಿದೆ. ಪರೀಕ್ಷೆಗೆ ಬರುವುದಿಲ್ಲ, ಬಿಟ್ಟುಬಿಡಿ ಎಂದೆ. ದೆಹಲಿಯಲ್ಲಿ ಯಾರೋ ಒಂದು ಕಡತವನ್ನು ಮುಚ್ಚಿದರೆ, ಅವರ ಮುಖವನ್ನೂ ಕಾಣದ ನಾನು ಇಲ್ಲಿ ನನ್ನ ಮನೆ ಬಾಗಿಲು ಮುಚ್ಚಿದ್ದೆ. ವಿದೇಶಾಂಗ ನೀತಿಯನ್ನು ಮಂತ್ರಿಗಳು ರೂಪಿಸುತ್ತಾರೆ, ರಾಯಭಾರಿಗಳು ಜಾರಿಗೆ ತರುತ್ತಾರೆ ಎಂದು ಪಠ್ಯಪುಸ್ತಕದಲ್ಲಿದೆ. ಅದನ್ನು ಕೊನೆಯ ಮನೆಯವರೆಗೆ ಮುಟ್ಟಿಸುವವರು ನನ್ನಂಥವರು ಎಂದು ಯಾವ ಪುಸ್ತಕದಲ್ಲೂ ಇಲ್ಲ.

ವರ್ಷಗಳು ಉರುಳಿದವು. ಗಣಿಗಳು ಮುಚ್ಚಿದವು. ಲಕ್ಷ್ಮಮ್ಮನ ಗಂಡ ಅದಾದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಲೈನಿನ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವವರಾದರು. ದ್ವೀಪದಲ್ಲಿ ಯುದ್ಧ ಮುಗಿಯಿತು. ನನ್ನ ಅಧ್ಯಾಯವೂ ಮತ್ತೆ ಮೆತ್ತಗಾಯಿತು. ನಾನು ನಿವೃತ್ತಳಾದ ಮೇಲೆ ಆ ದೇಶ ದಿವಾಳಿಯೆದ್ದು, ಜನ ಗ್ಯಾಸಿಗೆ, ಪೆಟ್ರೋಲಿಗೆ ಸಾಲು ನಿಂತಾಗ ಇಲ್ಲಿಂದ ಹಡಗಿನಲ್ಲಿ ಅಕ್ಕಿ, ಔಷಧ ಹೋದವು; ಟೀವಿಯವರು ನೆರೆಯವರ ನೆರವು ಎಂದು ದಿನವಿಡೀ ತೋರಿಸಿದರು. ಅದನ್ನು ನೋಡುತ್ತ ಕೂತಾಗ ನನಗೆ ಮತ್ತೊಮ್ಮೆ ಸ್ಟಾಫ್ ರೂಮಿನ ಮೇಜು ಕಾಣಿಸಿತು. ಮರುದಿನ ಕೋರಮಂಡಲ್‌ಗೆ ಹೋದೆ. ಲಕ್ಷ್ಮಮ್ಮನೂ ನಿವೃತ್ತಳಾಗಿದ್ದಳು. ನಿನ್ನ ಅಕ್ಕನನ್ನು ಹುಡುಕೋಣ ಎಂದೆ. ಅವಳು ತೋಟದ ಹೆಸರು ಹೇಳಿದಳು, ಅದೊಂದು ನೆನಪಿತ್ತು.

ಆ ತೋಟದ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಮಿಳಿನಲ್ಲಿ ಒಂದು ಕಾಗದ ಬರೆಸಿ, ನನ್ನ ಫೋನ್ ನಂಬರು ಹಾಕಿ ಕಳಿಸಿದೆವು. ಎರಡು ತಿಂಗಳಾದ ಮೇಲೆ ಅವರೇ ಫೋನ್ ಮಾಡಿದರು. ಪಾರ್ವತಿಯಮ್ಮ ಬದುಕಿದ್ದಾರೆ, ಉತ್ತರದಿಂದ ಎಷ್ಟೋ ವರ್ಷದ ಹಿಂದೆಯೇ ತೋಟಕ್ಕೆ ಮರಳಿದ್ದಾರೆ, ಈಗ ಮೊಮ್ಮಗಳ ಜೊತೆಗಿದ್ದಾರೆ ಎಂದರು. ಲಕ್ಷ್ಮಮ್ಮನಿಗೆ ಪಾಸ್‌ಪೋರ್ಟ್ ಮಾಡಿಸುವುದಕ್ಕೆ ಹುಡುಕಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಹಡಗಿನಿಂದ ಇಳಿದಾಗ ರಾಮೇಶ್ವರದ ಬಳಿಯ ಶಿಬಿರದಲ್ಲಿ ಕೊಟ್ಟ ಕುಟುಂಬ ಕಾರ್ಡಿನಲ್ಲಿ ಲೆಚ್ಚುಮಿ, ಶಾಲೆಯ ದಾಖಲೆಯಲ್ಲಿ ಲಕ್ಷ್ಮಮ್ಮ, ಆಧಾರಿನಲ್ಲಿ ಲಕ್ಷ್ಮಿ. ಮೂವರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಿ, ಅಲೆದು, ಮತ್ತೆ ಅಲೆದು, ಕಡೆಗೆ ಪುಸ್ತಕ ಕೈಗೆ ಬಂತು. ವೀಸಾ ಮಾತ್ರ ಕೂತಲ್ಲೇ, ಕಂಪ್ಯೂಟರಿನಲ್ಲಿ ಸಿಕ್ಕಿತು, ಮೂವತ್ತು ದಿನಕ್ಕೆ. ಈಗ ನಾವು ಸ್ನೇಹಿತರಲ್ಲವೇ.

ಜೊತೆಗೆ ನಾನೂ ಹೋದೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಹಿಡಿದ ಹೊತ್ತು ಬಂಗಾರಪೇಟೆಯಿಂದ ಬೆಂಗಳೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹಿಡಿಯುವಷ್ಟೇ. ಲಕ್ಷ್ಮಮ್ಮ ಸೀಟಿನ ಬೆಲ್ಟನ್ನು ಬಿಚ್ಚಲೇ ಇಲ್ಲ. ಇಳಿಯುವಾಗ, ಇಷ್ಟೇ ದೂರವಾ ಎಂದು ಕೇಳಿದಳು. ಹೌದೆಂದೆ. ಆಮೇಲೆ ಬೆಟ್ಟ ಹತ್ತುವ ಬಸ್ಸಿನಲ್ಲಿ ಆರು ಗಂಟೆ ಕಾಲ ಕೂತೆವು.

ಪಾರ್ವತಿ ಲೈನ್ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಎಪ್ಪತ್ತು ದಾಟಿದ ಸಣಕಲು ಮೈ, ಎಲೆ ಕಿತ್ತು ಕಿತ್ತು ಕಪ್ಪಾದ ಬೆರಳುಗಳು. ನಾನು ಅಳು, ಅಪ್ಪುಗೆ ಏನೇನೋ ನಿರೀಕ್ಷಿಸಿದ್ದೆ. ಅವಳು ತಂಗಿಯ ಮುಖವನ್ನು ನಿಧಾನಕ್ಕೆ ನೋಡಿ, ಸಾಪ್ಟಿಯಾ ಎಂದು ಕೇಳಿದಳು, ಬೆಳಿಗ್ಗೆ ಶಾಲೆಗೆ ಹೋಗಿ ಸಂಜೆ ಬಂದವಳನ್ನು ಊಟವಾಯಿತೇ ಎಂದು ಕೇಳುವ ಹಾಗೆ. ಇಲ್ಲ ಅಕ್ಕ ಎಂದಳು ಲಕ್ಷ್ಮಮ್ಮ. ಒಳಗೆ ಹೋಗಿ ಇಬ್ಬರೂ ಊಟ ಮಾಡಿದರು. ನನಗೂ ಬಡಿಸಿದರು.

ಊಟವಾದ ಮೇಲೆ ಪಾರ್ವತಿ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಅದರಲ್ಲಿ ಮೂರು ಲಕೋಟೆಗಳು, ಒಡೆಯದೆ ಇದ್ದವು. ವಿಳಾಸದ ಮೇಲೆ ಕೆಂಪು ಶಾಯಿಯಲ್ಲಿ ಗೀಟು, ಪಕ್ಕದಲ್ಲಿ ಒಂದು ಸಾಲು ಬರಹ. ಕನ್ನಡದ ಬರಹ. ಅವಳು ಅದನ್ನು ನನ್ನ ಕೈಗೆ ಕೊಟ್ಟು ತಮಿಳಿನಲ್ಲಿ ಹೇಳಿದಳು:

"ನೀವು ಓದಿದವರು. ಇಲ್ಲಿ ಯಾರಿಗೂ ಈ ಅಕ್ಷರ ಬರೋದಿಲ್ಲ. ಏನು ಬರೆದಿದ್ದಾರೆ ಅಂತ ಇಷ್ಟು ವರ್ಷದಿಂದ ಕೇಳಬೇಕು ಅಂತಿದ್ದೆ."

ಓದದೆ ಇರುವಂತಿರಲಿಲ್ಲ. ಈ ಹೆಸರಿನವರು ಇಲ್ಲಿ ಇಲ್ಲ ಎಂದು ಬರೆದಿತ್ತು. ನನ್ನ ಹರುಕು ತಮಿಳಿನಲ್ಲಿ ಅದನ್ನು ಹೇಳಿದೆ. ತಂಗಿ ಸತ್ತಳೆಂದೇ ತಾನು ಎಣಿಸಿದ್ದಾಗಿ ಪಾರ್ವತಿ ಹೇಳಿದಳು. ಲಕ್ಷ್ಮಮ್ಮ ತಲೆ ಎತ್ತದೆ, ನಾನೇ ಹೇಳಿ ಬರೆಸಿದ್ದು ಅಕ್ಕ ಎಂದಳು. ಅಷ್ಟಕ್ಕೇ ನಿಲ್ಲಿಸಿದಳು. ಕಾರಣದ ಜಾಗವನ್ನು ಖಾಲಿ ಬಿಟ್ಟಳು, ಅಲ್ಲಿ ನನ್ನ ಹೆಸರು ಬರದಿರಲೆಂದು. ಆ ಖಾಲಿ ಜಾಗವನ್ನು ನಾನೇ ತುಂಬಿದೆ. ಹಿಂದಿನ ಕಾಗದಗಳ ಗಂಟನ್ನು ನಾನು ಮನೆಯಲ್ಲಿಟ್ಟುಕೊಳ್ಳಲು ಒಪ್ಪಲಿಲ್ಲ, ನಾನು ಒಪ್ಪಿದ್ದರೆ ಅವಳು ಅಷ್ಟು ಹೆದರುತ್ತಿರಲಿಲ್ಲ ಎಂದು ತಡವರಿಸಿ ಎಲ್ಲವನ್ನೂ ಹೇಳಿದೆ. ಪಾರ್ವತಿ ಪೂರ್ತಿ ಕೇಳಿದಳು. ನಿಮಗೆ ಅಕ್ಕ ತಂಗಿಯರಿದ್ದಾರೆಯೇ ಎಂದು ಕೇಳಿದಳು. ಒಬ್ಬಳು ಅಕ್ಕ, ಮಾಲೂರಿನಲ್ಲಿ ಎಂದೆ. ಆಗಾಗ ಹೋಗುತ್ತೀರಾ ಎಂದಳು. ಹಬ್ಬಕ್ಕೆ ಎಂದೆ. ಅವಳು ಸುಮ್ಮನೆ ತಲೆಯಾಡಿಸಿದಳು. ಅದು ಕ್ಷಮೆಯೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

ಲಕ್ಷ್ಮಮ್ಮ ಲಕೋಟೆಗಳನ್ನು ಒಂದೊಂದಾಗಿ ಒಡೆದಳು. ತೋಟದ ಶಾಲೆಯಲ್ಲಿ ಐದನೇ ತರಗತಿವರೆಗೆ ಕಲಿತ ತಮಿಳು ಅವಳಿಗೆ ಇನ್ನೂ ಓದಲು ಬರುತ್ತಿತ್ತು. ಮೊದಲನೆಯದರಲ್ಲಿ ಕ್ಷೇಮ ಸಮಾಚಾರ. ಎರಡನೆಯದರಲ್ಲಿ ಯಾಕೆ ಬರೆಯುತ್ತಿಲ್ಲ ಎಂಬ ಆತಂಕ. ಮೂರನೆಯದನ್ನು ಓದುತ್ತ ನಡುವೆ ನಿಂತಳು. ಕಾಗದವನ್ನು ನನ್ನ ಕಡೆ ಚಾಚಿದಳು. ನನಗೆ ತಮಿಳು ಅಕ್ಷರ ಬಾರದೆಂದು ನೆನಪಾಗಿ ತಾನೇ ಬಿಡಿಸಿ ಹೇಳಿದಳು. ಇಲ್ಲಿ ಶೆಲ್ಲುಗಳು ಬೀಳುತ್ತಿವೆ, ಹೇಗಾದರೂ ದೋಣಿ ಹಿಡಿದು ಅಲ್ಲಿಗೆ ಬಂದುಬಿಡೋಣ ಎಂದು ನಿನ್ನ ಬಾವನೂ ಒಪ್ಪಿದ್ದಾರೆ, ನಿಮ್ಮ ಮನೆಯಲ್ಲಿ ನಾವು ನಾಲ್ಕು ಜನಕ್ಕೆ ಮಲಗಲು ಜಾಗವಿದೆಯೇ, ಕೂಡಲೇ ಬರೆ. ಇಷ್ಟಿತ್ತು. ಆ ಕಾಗದ ಬರೆದಾಗ ಪಾರ್ವತಿಯ ಗಂಡನೂ ಇದ್ದ, ಇಬ್ಬರು ಗಂಡುಮಕ್ಕಳೂ ಇದ್ದರು. ಈಗ ಅವಳಿಗಿರುವುದು ದೊಡ್ಡ ಮಗನ ಮಗಳೊಬ್ಬಳೇ ಎಂದು ಮುಖ್ಯೋಪಾಧ್ಯಾಯರು ನಮಗೆ ಮೊದಲೇ ಹೇಳಿದ್ದರು.

ಲಕ್ಷ್ಮಮ್ಮ ಕಾಗದವನ್ನು ಹಿಂದಿದ್ದ ಮಡಿಕೆಯಲ್ಲೇ ಮಡಿಸಿದಳು.

"ಇತ್ತು ಅಕ್ಕ," ಎಂದಳು. "ಜಾಗ ಇತ್ತು."

ಪಾರ್ವತಿ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅಷ್ಟು ಹೊತ್ತಿಗೆ ನಾನೆದ್ದು ಹೊರಗೆ ಬಂದೆ. ಬೆಟ್ಟದ ಇಳಿಜಾರಿನ ತುಂಬ ಬುಟ್ಟಿ ಹೊತ್ತ ಹೆಂಗಸರು ಎಲೆ ಕೀಳುತ್ತಿದ್ದರು. ಅವರಿಗೆ ಎಷ್ಟೋ ಕಾಲ ಯಾವ ದೇಶದ ಹೆಸರೂ ಇರಲಿಲ್ಲ, ಕಡೆಗೊಮ್ಮೆ ಪೌರತ್ವ ಬಂತು. ಪಾರ್ವತಿಯನ್ನು ಅಲ್ಲಿ ಗಲಭೆಯ ದಿನಗಳಲ್ಲಿ ನಿನ್ನ ಇಂಡಿಯಾಕ್ಕೆ ಹೋಗು ಎಂದಿದ್ದರಂತೆ. ಲಕ್ಷ್ಮಮ್ಮನನ್ನು ಕೋರಮಂಡಲ್ ಲೈನಿನಲ್ಲಿ ಸಿಲೋನ್‌ಕಾರಿ ಎನ್ನುತ್ತಿದ್ದರು. ಆರು ಸಲ ಬರೆದ ಅಧ್ಯಾಯದಲ್ಲಿ ಒಂದು ಸಲವೂ ಇವರ ಬದುಕಿಗೆ ಒಂದು ವಾಕ್ಯ ಕೊಟ್ಟಿರಲಿಲ್ಲ ನಾನು.

ಐದನೆಯ ದಿನ ನಾನು ಹೊರಟೆ. ಲಕ್ಷ್ಮಮ್ಮ ವೀಸಾ ಇರುವಷ್ಟು ದಿನವೂ ಇರುತ್ತೇನೆಂದಳು. ಬಸ್ಸಿನವರೆಗೆ ಬಂದವಳು, ನಾನು ಕೇಳದಿದ್ದರೂ ಹೇಳಿದಳು: "ಅವತ್ತು ನಿಮ್ಮ ಜಾಗ್ದಲ್ಲಿ ನಾನಿದ್ದಿದ್ರೂ ಬೇಡ ಅಂತಾನೇ ಅಂತಿದ್ನೇನೋ ಮೇಡಂ. ಆದ್ರೂ ನೀವು ಬೇಡ ಅಂದಿದ್ದು ನಾನು ಮರೀಲಿಲ್ಲ." ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮನೆಗೆ ಬಂದ ವಾರದಲ್ಲಿ ಅವಳ ಫೋನು ಬಂತು. ಅಕ್ಕನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಳಂತೆ. ತಾನು ಹುಟ್ಟಿದ ಮನೆಯಲ್ಲಿ ಈಗ ಯಾರೋ ಬೇರೆಯವರಿದ್ದಾರಂತೆ, ಒಳಗೆ ಕರೆದು ಚಹಾ ಕೊಟ್ಟರಂತೆ. ಅಕ್ಕ ಮೊನ್ನೆ ಅತ್ತಳಂತೆ, ಅಷ್ಟೂ ವರ್ಷದ್ದನ್ನು ಒಂದೇ ಸಲ. ಅಲ್ಲಿಯ ಟೀವಿಯಲ್ಲಿ ಮೀನುಗಾರರ ವಿಷಯಕ್ಕೆ ಎರಡೂ ದೇಶದವರ ನಡುವೆ ಏನೋ ಜಗಳವೆಂದು ಬರುತ್ತಿದೆ, ಇಲ್ಲಿಯೂ ಹಾಗೇ ಬರುತ್ತಿದೆಯೇ ಎಂದು ಕೇಳಿದಳು. ಬರುತ್ತಿದೆ ಎಂದೆ. ಮತ್ತೆ ಕೇಳಿದಳು:

"ಇನ್ನೂ ಅದ್ನೆಂಟು ದಿನ ಐತೆ ಮೇಡಂ. ಅಲ್ಲೀವರ್ಗೂ ಎರಡು ಸರ್ಕಾರಾನೂ ಇಂಗೇ ಇರ್ತಾವಾ?"

ಮೂವತ್ತೈದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಇರುತ್ತವೆ ಲಕ್ಷ್ಮಮ್ಮ, ನೀನು ನೆಮ್ಮದಿಯಾಗಿರು ಎಂದೆ. ಅವಳು ನಂಬಿದಳು; ಮೇಡಂ ಹೇಳಿದ ಮೇಲೆ ಇರುತ್ತವೆ ಎಂದು ಅಕ್ಕನಿಗೆ ಹೇಳುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು. ನಾನು ಫೋನಿಟ್ಟು, ಕನ್ನಡಕ ಹಾಕಿಕೊಂಡು, ಅಂದಿನ ಪೇಪರನ್ನು ಮೊದಲ ಪುಟದಿಂದ ಓದತೊಡಗಿದೆ.